ನಡು ದಾಟಿದ ಬೈತಲೆ

"ಬೈತಲೆ ಅಂದ್ರೆ ನಡುವೆ ಇರಬೇಕು. ಮೂಗಿನ ನೇರಕ್ಕೆ. ಮುಗೀತು ಮಾತು" ಎಂದು ಮಾವ ಊಟದ ತಟ್ಟೆಯನ್ನು ಅತ್ತ ಸರಿಸಿದರು.

"ಯಾರ ಮೂಗಿನ ನೇರಕ್ಕೆ ಮಾವ?" ಎಂದಳು ಸೊಸೆ.

ಕಾಲೇಜಿಗೆ ಹೋಗುವ ಅವಳ ಮಗಳು ಕಿಸಕ್ಕನೆ ನಕ್ಕಳು. ಗಂಡ ಮಾತ್ರ ತಟ್ಟೆಯಿಂದ ತಲೆ ಎತ್ತದೆ, "ನನ್ನನ್ನ ಕೇಳ್ಬೇಡಿ, ನಾನು ಊಟ ಮಾಡ್ತಾ ಇದೀನಿ" ಎಂದ. ಅವನನ್ನು ಯಾರೂ ಕೇಳಿರಲಿಲ್ಲ. ಶಾಲಾ ಮಕ್ಕಳ ವ್ಯಾನು ಓಡಿಸುವ ಅವನು ದಿನಾ ಇಪ್ಪತ್ತೆರಡು ಮಕ್ಕಳ ಜಗಳ ಬಿಡಿಸಿ ಬರುತ್ತಿದ್ದ. ಮನೆಯ ಜಗಳ ಬಿಡಿಸುವುದು ತನ್ನ ಕೆಲಸವಲ್ಲ ಎಂದು ಎಂದೋ ತೀರ್ಮಾನಿಸಿಬಿಟ್ಟಿದ್ದ.

ಒಂದು ಬೈತಲೆಗೆ ಇಷ್ಟು ರಂಪವೇ ಎಂದು ಯಾರಾದರೂ ಕೇಳಬಹುದು. ಕನ್ನಡಿಯ ಮುಂದೆ ನಿಂತು ದಿನಕ್ಕೊಂದು ಕಡೆ ಬೈತಲೆ ತೆಗೆದುಕೊಳ್ಳುವ ನಮ್ಮನಿಮ್ಮಂಥವರಿಗೆ ಅದೇನು ಮಹಾ! ಇವತ್ತು ಒಪ್ಪದಿದ್ದರೆ ನಾಳೆ ಆಚೆ ಕಡೆ ತೆಗೆದರಾಯಿತು. ಆದರೆ ಇವರು ವಿಗ್ ಮಾಡುವ ಮನೆಯವರು. ತೆಳ್ಳನೆಯ ಬಲೆಗೆ ಕೊಕ್ಕೆಸೂಜಿಯಲ್ಲಿ ಕೂದಲನ್ನು ಎಳೆಎಳೆಯಾಗಿ ಗಂಟು ಹಾಕುವ ಕೆಲಸ. ಗಂಟು ಯಾವ ಕಡೆ ವಾಲಿದೆಯೋ ಕೂದಲು ಆ ಕಡೆಗೇ ಬೀಳುತ್ತದೆ. ಎಡಕ್ಕೆ ವಾಲಿದ ಗಂಟುಗಳೂ ಬಲಕ್ಕೆ ವಾಲಿದ ಗಂಟುಗಳೂ ಎಲ್ಲಿ ಎದುರಾಗುತ್ತವೋ ಅದೇ ಬೈತಲೆ. ಅದು ಒಮ್ಮೆ ಕೂತಿತೆಂದರೆ ಕೂತಿತು. ಬದಲಿಸಬೇಕಾದರೆ ಸಾವಿರಾರು ಗಂಟು ಬಿಚ್ಚಬೇಕು.

ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಮರದ ತಲೆ ಇತ್ತು. ಮನೆಯವರೆಲ್ಲ ಅದನ್ನು ಬೋಳಣ್ಣ ಎನ್ನುತ್ತಿದ್ದರು. ಬೋಳಣ್ಣನ ಬಲಗಿವಿಯ ಪಕ್ಕ ಮಾವನ ಸ್ಟೂಲು, ಎಡಗಿವಿಯ ಪಕ್ಕ ಸೊಸೆಯ ಸ್ಟೂಲು. ಹಿಂದಲೆಯ ಕೆಲಸ ಮುಗಿದ ಮೇಲೆ ಇಬ್ಬರೂ ತಮ್ಮತಮ್ಮ ಕಡೆಯ ಕಿವಿಯಿಂದ ಸಾಲುಸಾಲಾಗಿ ಮೇಲೇರಿ ನಡುನೆತ್ತಿಯಲ್ಲಿ ಬಂದು ಸೇರಬೇಕು. ಸೊಸೆಯ ಸ್ಟೂಲಿನಲ್ಲಿ ಮೊದಲು ಅತ್ತೆ ಕೂರುತ್ತಿದ್ದರು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ನಲವತ್ತು ವರ್ಷಗಳಲ್ಲಿ ಆ ಮನೆಯಿಂದ ರಾಣಿಯ ವಿಗ್ಗು ಹೋಗಿದೆ, ರಾಕ್ಷಸಿಯ ವಿಗ್ಗು ಹೋಗಿದೆ, ಕೂದಲು ಕಳೆದುಕೊಂಡ ಎಷ್ಟೋ ಹೆಂಗಸರಿಗೆ ವಿಗ್ಗು ಹೋಗಿದೆ. ಎಲ್ಲಕ್ಕೂ ನಡುಬೈತಲೆಯೇ. "ಇಬ್ರೂ ಸರಿಸಮ ದುಡಿದಿದ್ದಕ್ಕೆ ಗುರುತು ಅದು" ಎಂದು ಮಾವ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ಈ ಸಲದ ರಂಪಕ್ಕೆ ಕಾರಣ ಕೌಂಟರ್ ಮೇಡಂ. ಬಸ್ ನಿಲ್ದಾಣದ ಮೂರನೇ ಕಿಟಕಿಯಲ್ಲಿ ಹದಿನೆಂಟು ವರ್ಷ ಟಿಕೆಟ್ ಕೊಟ್ಟ ಹೆಂಗಸು. ಕಾಯಿಲೆ ಬಂತು, ಔಷಧಿಗೆ ಕೂದಲೆಲ್ಲ ಉದುರಿತು, ನಾಲ್ಕು ತಿಂಗಳಿಂದ ರಜೆಯಲ್ಲಿದ್ದರು. ಈಗ ಕಾಯಿಲೆ ಹೋಗಿತ್ತು. ಒಂದನೇ ತಾರೀಕಿಗೆ ಕೆಲಸಕ್ಕೆ ಹಾಜರಾಗಬೇಕು, ಅದಕ್ಕೆ ಉಳಿದಿದ್ದು ನಾಲ್ಕು ವಾರ.

ಆ ಬೆಳಿಗ್ಗೆ ಅವರು ತಲೆಗೆ ಬಟ್ಟೆ ಕಟ್ಟಿಕೊಂಡು, ಹಳೆಯದೊಂದು ಫೋಟೋ ಹಿಡಿದುಕೊಂಡು ಬಂದಿದ್ದರು. ಫೋಟೋದಲ್ಲಿ ತೆಳ್ಳನೆಯ ಮುಖ, ನಡುಬೈತಲೆ. ಮಾವನಿಗೆ ಅಷ್ಟೇ ಸಾಕಾಯಿತು. ತೋರಿಸಲೆಂದು ಇಟ್ಟಿದ್ದ ವಿಗ್ಗನ್ನು ಮೇಡಂ ತಲೆಗೆ ಕೂರಿಸಿ ಕನ್ನಡಿ ಹಿಡಿದರು.

"ನೋಡಿ, ಫೋಟೋದಲ್ಲಿದ್ದ ಹಾಗೇ!"

ಮೇಡಂ ಬಹಳ ಹೊತ್ತು ನೋಡಿದರು. "ಕೂದಲೇನೋ ನಂದೇ ಅನ್ಸುತ್ತೆ. ಮುಖ ಯಾರದ್ದೋ" ಎಂದರು.

ಔಷಧಿಗೆ ಅವರ ಮುಖ ಊದಿಕೊಂಡು ದುಂಡಗಾಗಿತ್ತು. ಕೆನ್ನೆ ತುಂಬಿ ಕಣ್ಣು ಒಳಕ್ಕೆ ಹೋದಂತೆ ಕಾಣುತ್ತಿತ್ತು. ಮೊದಲಿನ ಹಾಗಾಗಲು ವರ್ಷ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

"ಆ ಕಿಟಕೀಲಿ ಕೂತ್ರೆ ಜನಕ್ಕೆ ಕಾಣೋದು ಮುಖ ಒಂದೇ ಕಣ್ರೀ. ನೋಡಿದ ತಕ್ಷಣ 'ಅಯ್ಯೋ ಪಾಪ' ಅಂತಾರೆ. ನಾಕು ತಿಂಗಳಿಂದ ಅಯ್ಯೋ ಪಾಪ ಕೇಳಿ ಕೇಳಿ ನಂಗೆ ಸಾಕಾಗಿಹೋಗಿದೆ. ಹೀಗೇ ಕಾಣೋದಾದ್ರೆ ನಾನು ಕೆಲಸ ಬಿಟ್ಟು ಮನೇಲೇ ಕೂತ್ಕೋತೀನಿ."

ಸೊಸೆಗೆ ತಡೆಯಲಾಗಲಿಲ್ಲ. ವಿಗ್ಗನ್ನು ತೆಗೆದು ಮೇಡಂ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಗತಾನೆ ಚಿಗುರುತ್ತಿದ್ದ ಮೊಟಕು ಕೂದಲಲ್ಲಿ ನೆತ್ತಿಯ ಸುಳಿ ಸ್ಪಷ್ಟವಾಗಿ ಬಲಗಡೆಗಿತ್ತು. ವಿಗ್ಗನ್ನು ಮತ್ತೆ ಕೂರಿಸಿ, ಬಾಚಣಿಗೆಯ ಹಿಡಿಯಿಂದ ಬಲಹುಬ್ಬಿನ ಏರು ಎಲ್ಲಿದೆಯೋ ಅದರ ನೇರಕ್ಕೆ ಗೆರೆ ತೆಗೆದು ಕೂದಲನ್ನೆಲ್ಲ ಎಡಕ್ಕೆ ಎಳೆದಳು. ನೆತ್ತಿ ಸ್ವಲ್ಪ ಎತ್ತರವಾಯಿತು. ಹಣೆಯ ಮೇಲೆ ಓರೆಯಾಗಿ ಇಳಿದ ಕೂದಲು ಕೆನ್ನೆಯ ಅಗಲವನ್ನು ಕದ್ದುಬಿಟ್ಟಿತು. ಮೇಡಂ ಕಣ್ಣು ಅರಳಿತು. ಅಷ್ಟರಲ್ಲಿ ಕೂದಲು ಸರ್ರನೆ ಜಾರಿ ಮತ್ತೆ ನಡುವಿಗೇ ಬಂದು ಬಿತ್ತು.

"ನೋಡಿದ್ರಾ? ಎಲ್ಲಿ ಬೀಳ್ಬೇಕು ಅಂತ ಕೂದಲಿಗೇ ಗೊತ್ತು" ಎಂದರು ಮಾವ.

"ಕೂದಲಿಗಲ್ಲ ಮಾವ, ಗಂಟಿಗೆ."

ಮೇಡಂ ಇಬ್ಬರ ಮುಖವನ್ನೂ ನೋಡಿ, "ಎಲ್ಲಾದ್ರೂ ಇಡಿ. ಯಾರೂ ಅಯ್ಯೋ ಪಾಪ ಅನ್ಬಾರ್ದು, ಅಷ್ಟೇ" ಎಂದು ಬಟ್ಟೆ ಕಟ್ಟಿಕೊಂಡು ಹೊರಟುಹೋದರು. ಮಧ್ಯಾಹ್ನ ಊಟಕ್ಕೆ ಕೂತಾಗ ಶುರುವಾಗಿದ್ದೇ ಮೂಗಿನ ನೇರದ ಜಗಳ.

"ಹತ್ತೊಂಬತ್ತು ವರ್ಷದಿಂದ ಗಂಟು ಹಾಕ್ತಾ ಇದೀನಿ. ಒಂದು ಬೈತಲೆ ಎಲ್ಲಿರಬೇಕು ಅಂತ ಹೇಳೋ ಹಾಗಿಲ್ವಾ ನಾನು?"

"ಗಂಟು ಹಾಕೋದು ನೀನು. ಗುರುತು ಹಾಕೋದು ಮೇಸ್ತ್ರಿ. ಮೇಸ್ತ್ರಿ ಯಾರು?"

"ನೀವೇ."

"ಹೂಂ. ಅದನ್ನ ಹೇಳು."

ತಾತನ ತಟ್ಟೆ ಎತ್ತುತ್ತಾ ಮಗಳು, "ಅದಕ್ಕೇ ಕಣಮ್ಮ ಅದನ್ನ ಬೈತಲೆ ಅನ್ನೋದು. ಬೈಸ್ಕೊಳ್ಳೋ ತಲೆ! ಈ ಮನೇಲಿ ಆ ತಲೆ ನಿಂದು" ಎಂದಳು. ಮಾವನಿಗೂ ನಗು ಬಂತು, ಆದರೆ ಮೀಸೆಯಡಿಯಲ್ಲೇ ನುಂಗಿಕೊಂಡರು. ಬೋಳಣ್ಣನಿಗೆ ಬಲೆ ತೊಡಿಸಿ, ಸೀಮೆಸುಣ್ಣದಲ್ಲಿ ಸರಿಯಾಗಿ ನಡುವೆ ಗೆರೆ ಎಳೆದು, "ಶುರು ಮಾಡು" ಎಂದರು.

ಆ ವಾರವೆಲ್ಲ ಇಬ್ಬರೂ ಹಿಂದಲೆಯ ಗಂಟು ಹಾಕಿದರು. ಸೊಸೆಗೆ ಮುಖಗಳ ಹುಚ್ಚು ಹಿಡಿದಿತ್ತು. ಹಾಲು ತರುವವನು ಬಾಗಿಲಲ್ಲಿ ನಿಂತರೆ ಅವನ ದವಡೆ ನೋಡುವಳು, ತರಕಾರಿಯವಳು ಚೌಕಾಸಿ ಮಾಡಿದರೆ ಅವಳ ಹಣೆ ನೋಡುವಳು. "ಏನ್ರಮ್ಮ, ನನ್ನ ಹಣೇಲಿ ರೇಟು ಬರೆದಿದ್ಯಾ?" ಎಂದು ತರಕಾರಿಯವಳು ರೇಗಿದಳು. ಕೊನೆಗೆ ಒಂದು ಭಾನುವಾರ ಮಗಳನ್ನೇ ಹಿಡಿದು ಕೂರಿಸಿಕೊಂಡಳು. ಮಗಳದು ಕೋಲುಮುಖ. ತಲೆ ಬಾಚಿ ಓರೆಗೆ ಬೈತಲೆ ತೆಗೆದು, ಕೂದಲನ್ನು ಎತ್ತರಕ್ಕೆ ಎತ್ತಿದಳು.

ಮಗಳು ಕನ್ನಡಿ ನೋಡಿ ಚೀರಿದಳು. "ಅಮ್ಮಾ! ಕುದುರೆ ಥರ ಕಾಣ್ತಾ ಇದೀನಿ! ಯಾರಾದ್ರೂ ಹುಲ್ಲು ತಂದು ಹಾಕ್ತಾರೆ!"

ಮಾವ ತಮ್ಮ ಸ್ಟೂಲಿನಿಂದಲೇ, "ಹ್ಹಹ್ಹಾ! ನೋಡಿದ್ಯಾ? ಓರೆ ಬೈತಲೆ ಅಂತೆ, ಓರೆ ಬೈತಲೆ!" ಎಂದರು.

ಸೊಸೆ ಸೋಲಲಿಲ್ಲ. ಮತ್ತೆ ಬಾಚಿ, ನಡುವೆ ಬೈತಲೆ ತೆಗೆದು, ಕಿವಿಯ ಎರಡೂ ಪಕ್ಕ ಕೂದಲನ್ನು ಸ್ವಲ್ಪ ಉಬ್ಬಿಸಿ ಬಿಟ್ಟಳು. ಉದ್ದವಿದ್ದ ಮುಖ ಅಳತೆಗೆ ಬಂತು. ಮಗಳು ಕನ್ನಡಿಯ ಮುಂದಿನಿಂದ ಕದಲಲೇ ಇಲ್ಲ.

"ಇವಳಿಗೆ ನಡುವೇ ಸರಿ ಮಾವ. ನಡು ಬೇಡ ಅಂತ ನಾನು ಯಾವತ್ತೂ ಹೇಳ್ಲಿಲ್ಲ. ಎಲ್ರಿಗೂ ನಡು ಬೇಡ ಅಂದೆ. ಉದ್ದ ಮುಖಕ್ಕೆ ನಡು ಇಟ್ಟು ಪಕ್ಕಕ್ಕೆ ತುಂಬಬೇಕು. ದುಂಡು ಮುಖಕ್ಕೆ ಪಕ್ಕಕ್ಕೆ ಇಟ್ಟು ಮೇಲಕ್ಕೆ ತುಂಬಬೇಕು. ಸುಳಿ ಯಾವ ಕಡೆಗಿದೆ ನೋಡ್ಬೇಕು, ಹುಬ್ಬು ಎಲ್ಲಿ ಏರಿದೆ ನೋಡ್ಬೇಕು. ಮುಖ ನೋಡಿ ಬೈತಲೆ ಇಡಬೇಕು ಮಾವ, ಬೋಳಣ್ಣನ್ನ ನೋಡಿ ಅಲ್ಲ."

"ಬೋಳಣ್ಣ ಎದುರು ಮಾತಾಡಲ್ಲ. ಅದಕ್ಕೇ ನಂಗೆ ಅವನು ಇಷ್ಟ" ಎಂದರು ಮಾವ.

ಎರಡನೇ ವಾರ ಇಬ್ಬರೂ ಕಿವಿಗಳಿಂದ ಹೊರಟರು. ಇಲ್ಲಿ ಒಂದು ವಿಷಯ ಹೇಳಬೇಕು. ಸೊಸೆಯ ಕೈ ಬಲು ಚುರುಕು. ಮಾವನ ಕಣ್ಣು ಮಂದವಾಗಿತ್ತು, ಬೆರಳು ಸ್ವಲ್ಪ ನಡುಗುತ್ತಿತ್ತು. ಗಂಟು ಮಾತ್ರ ಮೊದಲಿನಷ್ಟೇ ಬಿಗಿ, ಆದರೆ ಸೊಸೆ ಮೂರು ಸಾಲು ಮುಗಿಸುವಷ್ಟರಲ್ಲಿ ಅವರದು ಒಂದು. ಹಾಗಿದ್ದರೂ ಪ್ರತಿ ಸಲ ಇಬ್ಬರೂ ನಡುನೆತ್ತಿಯಲ್ಲೇ ಸೇರುತ್ತಿದ್ದರು. ಹೇಗೆ ಎಂದರೆ, ಸೊಸೆ ಗೆರೆ ಮುಟ್ಟಿದ ಕೂಡಲೇ ಸೂಜಿ ಇಟ್ಟು ಎದ್ದುಬಿಡುತ್ತಿದ್ದಳು. ತರಕಾರಿ ಹೆಚ್ಚುವಳು, ಬಟ್ಟೆ ಒಗೆಯುವಳು, ಮಹಡಿಯ ಮೆಟ್ಟಿಲು ತೊಳೆಯುವಳು. ಐದು ದಿನವಾಗಲಿ ಆರು ದಿನವಾಗಲಿ, ಮಾವ ಗೆರೆ ಮುಟ್ಟುವ ಹೊತ್ತಿಗೆ ಮತ್ತೆ ಬಂದು ಕೂತು, "ಓ, ಬಂದ್ಬಿಟ್ರಾ!" ಎನ್ನುವಳು.

ಮೂರನೇ ವಾರದ ಮಂಗಳವಾರ ಅವಳ ಸೂಜಿ ಗೆರೆ ಮುಟ್ಟಿತು. ಮಾವ ಆಚೆ ಕಡೆ ಕಿವಿಯಿಂದ ಎರಡು ಬೆರಳು ಮೇಲೆ ಬಂದಿದ್ದರು, ಅಷ್ಟೇ. ಮುಂಭಾಗದ ಕೆಲಸ ಬಾಕಿ, ಒಂದನೇ ತಾರೀಕಿಗೆ ಒಂಬತ್ತು ದಿನ ಬಾಕಿ. ಸೊಸೆ ಅಭ್ಯಾಸದಂತೆ ಸೂಜಿ ಇಟ್ಟು ಎದ್ದಳು. ಅಡುಗೆಮನೆಗೆ ಹೋಗಿ ಬೀನ್ಸ್ ಸೋಸಲು ಕೂತಳು. ನಾಲ್ಕು ಬೀನ್ಸ್ ಸೋಸಿದಳು. ಕೆಲಸ ಬಿಟ್ಟು ಮನೆಯಲ್ಲೇ ಕೂರುತ್ತೇನೆ ಎಂದ ಮೇಡಂ ಮಾತು ನೆನಪಾಗಿ ಅವಳಿಗೆ ಕೋಪ ಬಂತು. ಮೇಡಂ ಮೇಲಲ್ಲ, ಮಾವನ ಮೇಲೂ ಅಲ್ಲ, ಕೈಯಲ್ಲಿದ್ದ ಬೀನ್ಸ್ ಮೇಲೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದು ಸ್ಟೂಲಿನ ಮೇಲೆ ಕೂತು, ಸೀಮೆಸುಣ್ಣದ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿಹಾಕಿ, ಅದರಾಚೆಗೆ ಮೊದಲ ಗಂಟು ಹಾಕಿದಳು.

ಮಾವ ಕೆಲಸ ಮಾಡುತ್ತಿದ್ದುದು ಕಿವಿಯ ಹತ್ತಿರ, ಅವಳು ನೆತ್ತಿಯ ಮೇಲೆ. ಅವರಿಗೆ ಎರಡು ದಿನ ಗೊತ್ತಾಗಲಿಲ್ಲ. ಮೂರನೇ ದಿನ ಅಳತೆ ನೋಡಲು ಬೆರಳು ಮೇಲಕ್ಕೆ ಆಡಿಸಿದಾಗ ಖಾಲಿ ಬಲೆ ಸಿಗಬೇಕಾದ ಕಡೆ ಕೂದಲು ಸಿಕ್ಕಿತು. ಅದೂ ತಮ್ಮ ಕಡೆಗೆ ಬೆನ್ನು ಮಾಡಿದ ಕೂದಲು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು, ಎದ್ದು ಒಳಗೆ ಹೋದರು.

ಮಧ್ಯಾಹ್ನ ತಟ್ಟೆ ಮುಂದಿದ್ದರೂ ಅವರು ಕೈ ಇಡಲಿಲ್ಲ.

"ನನ್ನ ಜಾಗಕ್ಕೆ ಯಾಕೆ ಬಂದೆ?"

"ನನ್ನನ್ನ ಕೇಳ್ಬೇಡಿ, ನಾನು ಊಟ..." ಎಂದು ಶುರು ಮಾಡಿದ ಗಂಡ.

"ನಿನ್ನನ್ನಲ್ಲ ಕಣೋ!" ಎಂದು ಮಾವ ಗದರಿದರು. "ಹೇಳಮ್ಮ. ನಾನು ಮುದುಕ ಆದೆ ಅಂತ ತಾನೇ?"

ಸೊಸೆ ಅನ್ನದ ಸೌಟನ್ನು ಪಾತ್ರೆಯಲ್ಲಿಟ್ಟಳು. ಇಷ್ಟು ವರ್ಷ ಬಾಯಿ ಬಿಡದೆ ಇದ್ದ ಮಾತು ಅದು.

"ಹತ್ತು ವರ್ಷದಿಂದ ನಡುವಿಗೆ ಬಂದು ನಿಮಗೋಸ್ಕರ ಕಾಯ್ತಾ ಇದೀನಿ ಮಾವ. ಪ್ರತಿ ವಿಗ್ಗಿಗೂ ಐದೈದು ದಿನ. ನಿಮ್ಮ ಮನಸ್ಸಿಗೆ ನೋವಾಗಬಾರ್ದು ಅಂತ ಬಾಯಿ ಬಿಡ್ಲಿಲ್ಲ. ಈ ಸಲ ಕಾಯಕ್ಕೆ ಆಗ್ಲಿಲ್ಲ. ಆ ಹೆಂಗಸು ಕಿಟಕೀಲಿ ಕೂರಬೇಕು. ಅವರ ಮುಖಕ್ಕೆ ಬೈತಲೆ ಅಲ್ಲಿಲ್ಲ, ಇಲ್ಲಿದೆ" ಎಂದು ತನ್ನದೇ ಬಲಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಕಾಯ್ತಾ ಇದ್ಯಾ?" ಮಾವನ ಸ್ವರ ಸಣ್ಣಗಾಯಿತು. "ನಾವಿಬ್ರೂ ಸರಿಸಮ ಬರ್ತೀವಿ ಅಂತಿದ್ದೆ ನಾನು." ತಟ್ಟೆಯನ್ನು ನೋಡುತ್ತಲೇ ಕೇಳಿದರು, "ನಿಮ್ಮತ್ತೆ? ಅವಳು ಕಾಯ್ತಿರ್ಲಿಲ್ಲ ತಾನೇ?"

ಸೊಸೆ ಗಂಡನ ಮುಖ ನೋಡಿದಳು. ಅವನು ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದ.

"ನಂಗೆ ಹೇಳ್ಕೊಟ್ಟಿದ್ದೇ ಅತ್ತೆ. 'ನಡು ಬಂದ ತಕ್ಷಣ ಎದ್ದು ತರಕಾರಿ ಹೆಚ್ಚಕ್ಕೆ ಹೋಗು, ಅವರು ನಿಧಾನಕ್ಕೆ ಬರ್ತಾರೆ' ಅಂದಿದ್ರು."

ಮಗಳು ನೀರಿನ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು. ಮಾವ ತಲೆ ಬಗ್ಗಿಸಿ ಕೂತಿದ್ದರು. ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಸೊಸೆ ಗಾಬರಿಯಾಗಿ ಹತ್ತಿರ ಹೋದರೆ, ಅವರು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಅದಕ್ಕೇ! ಅದಕ್ಕೇ ನಮ್ಮನೇಲಿ ದಿನಾ ಅಷ್ಟೊಂದು ಪಲ್ಯ ಇರ್ತಿತ್ತು! ನಾನು ಅವಳಿಗೆ ಪಲ್ಯ ಅಂದ್ರೆ ಪ್ರಾಣ ಅನ್ಕೊಂಡಿದ್ದೆ."

ಊಟವಾದ ಮೇಲೆ ಅವರೇ ಮೊದಲು ಹೋಗಿ ಸ್ಟೂಲಿನ ಮೇಲೆ ಕೂತರು. ಆದರೂ ಮೇಸ್ತ್ರಿ ಮೇಸ್ತ್ರಿಯೇ. "ಒಂದು ಮಾತು. ಮೇಡಂ ಒಪ್ಪಲಿಲ್ಲ ಅಂದ್ರೆ ನಡುವಿನಿಂದ ಈಚೆಗೆ ಎಷ್ಟು ಗಂಟು ಹಾಕಿದ್ಯೋ ಅಷ್ಟನ್ನೂ ನೀನೇ ಬಿಚ್ಚಬೇಕು. ಆಮೇಲೆ ಈ ಮನೇಲಿ ಓರೆ ಬೈತಲೆ ಅನ್ನೋ ಮಾತು ಎತ್ತಬಾರ್ದು."

"ಬಿಚ್ತೀನಿ. ಎತ್ತಲ್ಲ."

"ನಾನು ಎಲ್ಲೀವರೆಗೆ ಬರ್ಬೇಕು?"

"ಇನ್ನು ಮೂರು ಬೆರಳು ಮಾವ. ಹುಬ್ಬಿನ ನೇರಕ್ಕೆ."

ಮೂವತ್ತನೇ ತಾರೀಕು ಬೆಳಿಗ್ಗೆ ಕೌಂಟರ್ ಮೇಡಂ ಬಂದರು. ಸೊಸೆ ವಿಗ್ಗನ್ನು ಬೋಳಣ್ಣನ ತಲೆಯಿಂದ ತೆಗೆದಳು. ಹತ್ತೊಂಬತ್ತು ವರ್ಷದಲ್ಲಿ ತಾನು ಇಟ್ಟ ಮೊದಲ ಬೈತಲೆ, ಇವತ್ತು ತಪ್ಪಿದರೆ ಅದೇ ಕೊನೆಯದೂ ಹೌದು. ವಿಗ್ಗನ್ನು ಕೂರಿಸಿದಳು, ಕಿವಿಯ ಹಿಂದೆ ಸರಿಮಾಡಿದಳು, ಬಾಚಣಿಗೆಯಿಂದ ಒಂದೇ ಒಂದು ಸಲ ಬಾಚಿದಳು. ಬಲಹುಬ್ಬಿನ ನೇರದಿಂದ ಹೊರಟ ಬೈತಲೆ ಸುಳಿಯ ಕಡೆಗೆ ಓಡಿತು. ಕೂದಲು ಎದ್ದು ಎಡಕ್ಕೆ ಬಾಗಿ ಕೆನ್ನೆಯ ಮೇಲೆ ಇಳಿಯಿತು. ಈ ಸಲ ಜಾರಲಿಲ್ಲ.

ಮಾವ ಕನ್ನಡಿ ಹಿಡಿದರು. ಮೇಡಂ ನೋಡಿದರು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. ತಲೆಯನ್ನು ಜೋರಾಗಿ ಕೊಡವಿದರು. ಕೂದಲು ಎದ್ದು ಮತ್ತೆ ಅದೇ ಜಾಗಕ್ಕೆ ಬಂದು ಕೂತಿತು. ಆಮೇಲೆ ಅವರು ಎಡಗಡೆಯ ಕೂದಲನ್ನು ತಮಗೇ ಗೊತ್ತಿಲ್ಲದ ಹಾಗೆ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

"ಏನನ್ಸುತ್ತೆ ಮೇಡಂ?" ಎಂದರು ಮಾವ.

"ಕೂದಲು ಯಾರದ್ದೋ" ಎಂದರು ಮೇಡಂ. ಸೊಸೆಯ ಕಣ್ಣು ಕೊಕ್ಕೆಸೂಜಿಯ ಕಡೆ ಹೋಯಿತು. "ಮುಖ ನಂದು. ಅಯ್ಯಯ್ಯೋ, ನನ್ನ ಮುಖ ಕಣ್ರೀ ಇದು! ಎಲ್ಲಿ ಹೋಗಿತ್ತು ಇಷ್ಟು ದಿನ?" ಎಂದು ಸೊಸೆಯ ಎರಡೂ ಕೈ ಹಿಡಿದುಕೊಂಡು ಅಳುತ್ತಾ ನಗುತ್ತಾ ನಿಂತರು. ಸೊಸೆಯೂ ಅತ್ತಳು, ತಡೆಯಲೂ ಹೋಗಲಿಲ್ಲ. ಮಾವ ಕನ್ನಡಿ ಹಿಡಿದೇ ಇದ್ದರು, ಇಳಿಸುವುದನ್ನೇ ಮರೆತಿದ್ದರು.

ಎರಡು ದಿನ ಬಿಟ್ಟು ಸಂಜೆ, ಗಂಡ ವ್ಯಾನು ನಿಲ್ಲಿಸಿ ಒಳಗೆ ಬರುವುದಕ್ಕೂ ಮೇಡಂ ಬಾಗಿಲು ತಳ್ಳಿಕೊಂಡು ನುಗ್ಗುವುದಕ್ಕೂ ಸರಿಹೋಯಿತು. ಕೆಲಸದ ಸಮವಸ್ತ್ರದಲ್ಲೇ ಇದ್ದರು, ಏದುಸಿರು ಬಿಡುತ್ತಿದ್ದರು.

"ಬೈದ್ರು ಕಣ್ರೀ! ನನ್ನ ಬೈದ್ರು!"

"ಅಯ್ಯೋ, ಯಾರು? ಯಾಕೆ?" ಸೊಸೆ ಗಾಬರಿಯಾದಳು.

"ಯಾರೋ ಗೊತ್ತಿಲ್ಲ, ಸಾಲಿನಲ್ಲಿದ್ದೋರು. 'ಏನ್ರೀ, ನಿದ್ದೆ ಮಾಡ್ತಾ ಇದೀರಾ? ಬಸ್ಸು ಹೊರಟುಹೋಗುತ್ತೆ, ಬೇಗ ಟಿಕೆಟ್ ಕೊಡ್ರೀ!' ಅಂತ ಹಿಗ್ಗಾಮುಗ್ಗಾ ಬೈದ್ರು. ನಾನೂ ಬಿಡ್ಲಿಲ್ಲ, 'ಇರ್ರೀ, ನಂಗಿರೋದು ಎರಡೇ ಕೈ' ಅಂದೆ. ಐದು ತಿಂಗಳಿಂದ ಒಬ್ರೂ ನನ್ನ ಹತ್ರ ದನಿ ಏರಿಸಿರ್ಲಿಲ್ಲ. ಇವತ್ತು ಒಂದೇ ದಿನಕ್ಕೆ ಮೂರು ಜನ ಬೈದ್ರು! ಒಬ್ರೂ ಅಯ್ಯೋ ಪಾಪ ಅನ್ಲಿಲ್ಲ!"

ಮಗಳು ಕುಣಿದಾಡಿಬಿಟ್ಟಳು. "ನಾನು ಹೇಳ್ಲಿಲ್ವಾ? ಬೈತಲೆ! ಬೈಸ್ಕೊಳ್ಳೋ ತಲೆ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಡಂ ಕಾಫಿ ಕುಡಿದು, ನಾಳೆ ಇನ್ನೂ ಹೆಚ್ಚು ಜನ ಬೈಯಲಿ ಎಂದು ಹಾರೈಸಿಕೊಂಡು ಹೋದ ಮೇಲೆ, ಮಾವ ತಮ್ಮ ಸ್ಟೂಲನ್ನು ಸೊಸೆಯ ಮುಂದೆ ಎಳೆದು ಕೂತು ಟೋಪಿ ತೆಗೆದರು. ಆ ತಲೆಯಲ್ಲಿ ಉಳಿದಿದ್ದ ಕೂದಲನ್ನು ಬೆರಳು ಮಡಿಸಿ ಎಣಿಸಬಹುದಿತ್ತು. ಇದ್ದಷ್ಟನ್ನೂ ಅವರು ನಿಷ್ಠೆಯಿಂದ ನಡುವೆ ಬೈತಲೆ ತೆಗೆದು, ಆ ಕಡೆ ಅರ್ಧ ಈ ಕಡೆ ಅರ್ಧ ಬಾಚಿಕೊಂಡಿದ್ದರು.

"ನೋಡಮ್ಮ ಮೇಸ್ತ್ರಿ, ನನ್ನ ಮುಖಕ್ಕೆ ಯಾವ ಕಡೆ ಒಪ್ಪುತ್ತೆ?"

ಆ ಹೆಸರಿನಿಂದ ಅವಳನ್ನು ಯಾರೂ ಅದುವರೆಗೆ ಕರೆದಿರಲಿಲ್ಲ. ಸೊಸೆ ನಗಲಿಲ್ಲ. ಅವರ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ದವಡೆ ನೋಡಿ, ಹುಬ್ಬು ನೋಡಿ, ಸುಳಿ ಇದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಚೌಕ ಮುಖ ಮಾವ ನಿಮ್ದು. ಎಡಕ್ಕೆ" ಎಂದು ಬಾಚಣಿಗೆ ತೆಗೆದುಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡು ಮಾವ ಮೀಸೆ ನೀವಿಕೊಂಡರು. ನಲವತ್ತು ವರ್ಷ ಲೇಟಾಯಿತು ಎಂದರು.

ಮರುದಿನ ಬೋಳಣ್ಣನಿಗೆ ಹೊಸ ಬಲೆ ತೊಡಿಸಿದಾಗ ಸೀಮೆಸುಣ್ಣ ಸೊಸೆಯ ಕೈಯಲ್ಲಿತ್ತು.

"ಬೈತಲೆ ಎಲ್ಲಿ ಬೇಕೋ ಅಲ್ಲಿ ಎಳಿ. ನನ್ನ ಕೈಲಾದಷ್ಟು ನಾನು ಬರ್ತೀನಿ. ಇನ್ಮೇಲೆ ನೀನು ಕಾಯ್ಬೇಡ" ಎಂದರು ಮಾವ.

ಇಬ್ಬರೂ ಸೂಜಿ ಹಿಡಿದು ಕೂತರು. ಕಿಟಕಿಯಿಂದ ಬೆಳಕು ಬೋಳಣ್ಣನ ನೆತ್ತಿಯ ಮೇಲೆ ಬಿದ್ದಿತ್ತು. ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆಗಳ ಸದ್ದಾಗಿ, ಕೊನೆಗೆ ಗಂಡನ ದನಿ ಕೇಳಿಸಿತು.

"ಲೇ, ಈ ಬೀನ್ಸ್ ಉದ್ದಕ್ಕೆ ಹೆಚ್ಚಲಾ, ಅಡ್ಡಕ್ಕೆ ಹೆಚ್ಚಲಾ?"

ಮಾವ ಸೊಸೆಯನ್ನು ನೋಡಿದರು. ಸೊಸೆ ಮಾವನನ್ನು ನೋಡಿದಳು.

"ನಮ್ಮನ್ನ ಕೇಳ್ಬೇಡಿ" ಎಂದು ಇಬ್ಬರೂ ಒಟ್ಟಿಗೇ ಕೂಗಿದರು, "ನಾವು ಕೆಲಸ ಮಾಡ್ತಾ ಇದೀವಿ!"